ಹಾಸನದ ಭಾನುವಾರದ ಕೋಚಿಂಗ್: ಮೇಷ್ಟ್ರಿಗೆ ನಾಲ್ಕು ಸ್ಟಾರ್, ನೋಟ್ಸಿಗೆ ಒಂದೇ

ಕೆಎಎಸ್‌ಗೆ ಓದೋಕೆ ಬೆಂಗಳೂರಿಗೇ ಹೋಗಬೇಕಾ, ಹಾಸನದಲ್ಲೇ ಆಗುತ್ತಾ ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಆಲೂರಿನಿಂದ ಭಾನುವಾರ ಹೋಗಿಬರುತ್ತೇನೆ. ಶಕ್ತಿ ಯೋಜನೆ ಪುಣ್ಯ, ಬಸ್ಸಿನ ಖರ್ಚಿಲ್ಲ. ಸೆಂಟರ್ ಇರುವುದು ಬಿ.ಎಂ. ರಸ್ತೆಯಲ್ಲಿ, ಮಹಡಿ ಮೇಲೆ. ಹೆಸರು ಬೇಡ, ಇನ್ನೂ ಅಲ್ಲೇ ಕೂತು ಪಾಠ ಕೇಳಬೇಕಲ್ಲ.

ಇತಿಹಾಸ, ಭೂಗೋಳ ಪರವಾಗಿಲ್ಲ. ದುಡ್ಡು ಕೊಟ್ಟಿದ್ದು ಸಾರ್ಥಕ ಅನ್ನಿಸಿದ್ದು ಮಾನವ ಹಕ್ಕುಗಳ ಪಾಠದಲ್ಲಿ.

ಮೇಷ್ಟ್ರು ಬೋರ್ಡಿನ ಮೇಲೆ ದೇಶದ ಹೆಸರಿಲ್ಲದೆ ಒಂದೇ ಸಾಲು ಬರೆದರು: ‘ವಿಚಾರಣೆ ಇಲ್ಲದೆ ಬಂಧನ.’ ಯಾವ ದೇಶ ಹೇಳಿ ಅಂದರು. ಹಿಂದಿನ ಬೆಂಚಿನಿಂದ ಚೀನಾ, ಉತ್ತರ ಕೊರಿಯಾ ಅಂತ ಕೂಗು. ಅವರು ಸುಮ್ನೆ ಕೆಳಗೆ ಮೂರು ಹೆಸರು ಬರೆದರು. ಉತ್ತರ ಐರ್ಲೆಂಡ್, 1971, ಬ್ರಿಟನ್. ಭಾರತ, 1975. ಗ್ವಾಂಟನಾಮೊ (ಕ್ಯೂಬಾದಲ್ಲಿ ಅಮೆರಿಕದ ಸೇನೆ ನಡೆಸುವ ಜೈಲು), 2002, ಅಮೆರಿಕ. ಮೂರೂ ಚುನಾವಣೆ ನಡೆಸುವ ದೇಶಗಳೇ. ಕ್ಲಾಸು ತಣ್ಣಗಾಯಿತು.

ಆಮೇಲೆ ಕೋರ್ಟುಗಳ ಕಥೆ. ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸುವ ಹಕ್ಕೇ ಇಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು 1976ರಲ್ಲಿ ತೀರ್ಪು ಕೊಟ್ಟಿತು. ಐವರಲ್ಲಿ ಒಪ್ಪದೆ ಉಳಿದವರು ಎಚ್.ಆರ್. ಖನ್ನಾ ಒಬ್ಬರೇ. ಗ್ವಾಂಟನಾಮೊ ಕೈದಿಗಳಿಗೆ ಆ ಹಕ್ಕು ಇದೆ ಅಂತ ಅಮೆರಿಕದ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ಮಾರನೇ ವರ್ಷ ಒಬಾಮಾ ಜೈಲು ಮುಚ್ಚುವ ಆದೇಶಕ್ಕೆ ಸಹಿಯನ್ನೂ ಹಾಕಿದರು. ಅವರ ಅವಧಿ ಮುಗಿದರೂ ಜೈಲು ಮುಚ್ಚಲಿಲ್ಲ.

ಇನ್ನು ಸೆಂಟರಿನವರು ಮಾರುವ ನೋಟ್ಸ್. ಅಮೆರಿಕದ ವಿದೇಶಾಂಗ ಇಲಾಖೆ ಬೇರೆ ದೇಶಗಳ ಮಾನವ ಹಕ್ಕುಗಳ ಬಗ್ಗೆ ವರದಿ ತರುತ್ತದಲ್ಲ, ಅದು ಪಾಕಿಸ್ತಾನದ ಪುಟದಲ್ಲಿ ‘ಸಾಕ್ಷಿ’. ನಾಲ್ಕು ಪುಟ ತಿರುಗಿಸಿದರೆ, ಭಾರತದ ಬಗ್ಗೆ ಬರೆದಾಗ ಅದೇ ವರದಿ ‘ಆಂತರಿಕ ವಿಷಯದಲ್ಲಿ ಹಸ್ತಕ್ಷೇಪ’! ಬರೆದವರಿಗೆ ನಗು ಬರಲಿಲ್ವಾ? ಆ ವರದಿಯಲ್ಲಿ ಅಮೆರಿಕದ ಬಗ್ಗೆಯೇ ಅಧ್ಯಾಯ ಇರುವುದಿಲ್ಲ. ಬೈಯೋದಾದರೆ ಅದಕ್ಕೆ ಬೈಯಬಹುದಿತ್ತು, ಆ ಮಾತು ನೋಟ್ಸಿನಲ್ಲಿಲ್ಲ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ಭಾಗ ಮಾತ್ರ ಚೆನ್ನಾಗಿದೆ. ಅಲ್ಲಿನ ಕಾಯಂ ಕಾರ್ಯಸೂಚಿಯಲ್ಲಿ ಇಸ್ರೇಲ್ ಆಕ್ರಮಿತ ಪ್ರದೇಶಗಳಿಗೇ ಪ್ರತ್ಯೇಕ ವಿಷಯವಿದೆ, ಏಳನೆಯದು. ಬೇರೆ ಯಾವ ದೇಶಕ್ಕೂ ಹಾಗಿಲ್ಲ. 2018ರಲ್ಲಿ ಅಮೆರಿಕ ಮಂಡಳಿಯಿಂದ ಹೊರಬಂದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ದೂರು ಸುಳ್ಳಲ್ಲ. ಹಾಗಂತ ಪ್ಯಾಲೆಸ್ಟೀನಿಯನ್ನರ ಕಷ್ಟ ಸುಳ್ಳಾಗುತ್ತಾ? ತಕ್ಕಡಿ ಸರಿ ಇಲ್ಲ ಅಂದರೆ ಸರಿ ಮಾಡಿ, ತೂಕವೇ ಬೇಡ ಅನ್ನೋದು ಯಾವ ನ್ಯಾಯ? ಸಂವಿಧಾನ ಬರೆದುಕೊಂಡು ಮಾತು ಕೊಟ್ಟ ದೇಶವನ್ನು ಸ್ವಲ್ಪ ಜಾಸ್ತಿಯೇ ಕೇಳಬೇಕು ಅಂತ ನನಗನ್ನಿಸುತ್ತೆ.

ಮೇಷ್ಟ್ರಿಗೆ ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಗ್ವಾಂಟನಾಮೊಗೆ ಮುಕ್ಕಾಲು ಗಂಟೆ ಕೊಟ್ಟವರು ನಮ್ಮ ಪೊಲೀಸ್ ಠಾಣೆಗಳ ಲಾಕಪ್ ಸಾವಿಗೆ ಐದು ನಿಮಿಷ ಕೊಡಲಿಲ್ಲ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಅನುಮೋದನೆ ಮಾತ್ರ ಕೊಟ್ಟಿಲ್ಲ. ಯಾಕೆ ಸಾರ್ ಅಂತ ಪಕ್ಕದ ಹುಡುಗಿ ಕೇಳಿದಳು. ‘ಅದು ಪರೀಕ್ಷೆಗೆ ಬರಲ್ಲಮ್ಮ’ ಅಂದುಬಿಟ್ಟರು.

ಆದರೂ ಸೇರಿಕೊಳ್ಳಿ. ನೋಟ್ಸ್ ಕೊಳ್ಳಬೇಡಿ, ಬೋರ್ಡ್ ನೋಡಿ ಬರೆದುಕೊಂಡರೆ ಸಾಕು. ಹೆಣ್ಮಕ್ಕಳು ಗಮನಿಸಿ: ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ, ಕೀ ಆಫೀಸಿನಲ್ಲಿ ಕೇಳಿ ಇಸ್ಕೋಬೇಕು.