ವಿಟ್ಬಿಗೆ ಬಸ್ಸೋ, ಉಗಿಬಂಡಿಯೋ?

ಇಂಗ್ಲೆಂಡಿನ ಯಾರ್ಕ್ ನಗರದಿಂದ ಕಡಲತೀರದ ಊರಾದ ವಿಟ್ಬಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ನನ್ನ ಮೊದಲ ಸಲಹೆ 840 ನಂಬರಿನ ಬಸ್, ಅದೂ ಮೇಲಂತಸ್ತಿನ ಮುಂದಿನ ಸೀಟು. ಎಲ್ಲ ಬಸ್ಸೂ ವಿಟ್ಬಿವರೆಗೆ ಹೋಗುವುದಿಲ್ಲ, ಬೋರ್ಡ್ ನೋಡಿ ಹತ್ತಿ. ದಾರಿಯಲ್ಲಿ ಸಿಗುವ ಪಿಕರಿಂಗ್ ಊರು ದಾಟಿದ ಮೇಲೆ ರಸ್ತೆ ನಾರ್ತ್ ಯಾರ್ಕ್ ಮೂರ್ಸ್‌ನ ಬೋಳುಗುಡ್ಡಗಳ ನೆತ್ತಿಗೇರಿ, ಹೋಲ್ ಆಫ್ ಹಾರ್ಕಮ್ ಎಂಬ ಬೋಗುಣಿಯಂಥ ಕಣಿವೆಯ ಅಂಚಿನಲ್ಲೇ ಸಾಗುತ್ತದೆ. ಆಗಸ್ಟ್‌ನಲ್ಲಿ ಹೆದರ್ ಎಂಬ ಕುರುಚಲು ಗಿಡ ಅರಳಿ ಕಣ್ಣು ಹಾಯಿಸಿದಷ್ಟೂ ನೇರಳೆ.

ಉಗಿಬಂಡಿ ಹೊರಡುವುದು ಪಿಕರಿಂಗ್‌ನಿಂದ; ಸ್ವಂತ ಕಾರಿಲ್ಲದಿದ್ದರೆ ಅಲ್ಲಿಯವರೆಗೆ ಹೇಗೂ ಬಸ್ಸೇ ಗತಿ. 1836ರಲ್ಲಿ ಕುದುರೆಗಳು ಗಾಡಿ ಎಳೆಯುತ್ತಿದ್ದ ಮಾರ್ಗವಿದು. ಇಂಜಿನ್ನಿನ ಸಿಳ್ಳೆ, ಹೊಗೆ ಮಕ್ಕಳಿಗೆ ಹಬ್ಬವೇ ಸರಿ. ಆದರೆ ಹಳಿ ಕಣಿವೆಯೊಳಗೇ ಹೋಗುವುದರಿಂದ ಗುಡ್ಡದ ಮೇಲಿನ ಬಯಲು ಅಷ್ಟಾಗಿ ಕಾಣದು. ಟಿಕೆಟ್ಟೂ ದುಬಾರಿ.

199 ಮೆಟ್ಟಿಲು ಹತ್ತಿ ವಿಟ್ಬಿಯ ಹಳೆಯ ಕ್ರೈಸ್ತ ಮಠದ ಪಾಳುಗೋಡೆಗಳನ್ನು ನಿಧಾನವಾಗಿ ನೋಡಬೇಕೆನ್ನುವವರು ಬಸ್ಸನ್ನೇ ಹಿಡಿಯಿರಿ. ಪುಟ್ಟ ಮಕ್ಕಳಿದ್ದರೆ ಮಾತ್ರ ನಾನು ರೈಲಿಗೇ ಓಟು ಹಾಕುತ್ತೇನೆ.