250 ರೂಪಾಯಿಯ ಹಳೇ ಚೇಂಬರ್ಸ್ ಡಿಕ್ಷನರಿ

ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಕೇಸು ನಡೆಸುವ ವಕೀಲರೊಬ್ಬರ ಆಫೀಸಿನಲ್ಲಿ ನಾನು ಟೈಪಿಸ್ಟ್. ಹೋದ ತಿಂಗಳು ಇಂಗ್ಲೆಂಡಿನ ಹಳೇ ತೀರ್ಪೊಂದರ ಸಾಲುಗಳನ್ನು ಅರ್ಜಿಗೆ ಸೇರಿಸಬೇಕಿತ್ತು. ಒಂದು ಕಡೆ ಜಿ-ಎ-ಒ-ಎಲ್ ಎಂದಿತ್ತು. ಅಚ್ಚಿನ ತಪ್ಪು ಅಂದುಕೊಂಡು ಜಿ-ಒ-ಎ-ಎಲ್ ಮಾಡಿದೆ. ಜೈಲು ಹೋಗಿ ಗೋಲ್ ಆಯಿತು. ಸಹಿ ಹಾಕುವ ಮುಂಚೆ ಸಾಹೇಬರ ಕಣ್ಣಿಗೆ ಬಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಸೂಪರ್ ಮಾರ್ಕೆಟ್ ಹತ್ತಿರದ ಹಳೇ ಪುಸ್ತಕದಂಗಡಿಗೆ ಹೋದೆ. "ಇದು ತಗೊಳ್ರಿ ಅಕ್ಕಾರ, ಹಳೀ ಶಬ್ದ ಎಲ್ಲಾ ಇದರಾಗ ಅದಾವ" ಅಂತ ಅಂಗಡಿಯಣ್ಣ ಚೇಂಬರ್ಸ್ ಟ್ವೆಂಟಿಯತ್ ಸೆಂಚುರಿ ಡಿಕ್ಷನರಿ ಕೊಟ್ಟರು. ಇದು ಮೊದಲು ಬಂದದ್ದು 1901ರಲ್ಲಿ. ನನಗೆ ಸಿಕ್ಕಿದ್ದು ಆಮೇಲಿನ ಮುದ್ರಣ.

ಅಲ್ಲೇ ನಿಂತು ಜಿ ಪುಟ ತೆಗೆದೆ. ಜಿ-ಎ-ಒ-ಎಲ್ ಇತ್ತು! ಬರೆಯೋದು ಹೇಗಿದ್ರೂ ಓದೋದು ಜೈಲ್ ಅಂತಲೇ. ಜಿ ಇರೋದು ನಾರ್ಮನ್ ಫ್ರೆಂಚಿನಿಂದ ಬಂದದ್ದು, ಜೆ ಇರೋದು ಪ್ಯಾರಿಸ್ ಕಡೆಯದು. ನಮ್ಮಲ್ಲಿ 'ಅದ', ಮೈಸೂರು ಕಡೆ 'ಇದೆ' ಅಂತಾರಲ್ಲ, ಹಾಗೆ. ಆಮೇಲೆ ಎಸ್-ಎಚ್-ಇ-ಡಬ್ಲ್ಯೂ ಹುಡುಕಿದೆ. ಹಳೇ ಕೋರ್ಟ್ ಕಾಗದಗಳಲ್ಲಿ 'ಶೋ ಕಾಸ್' ಹೀಗೇ ಬರುತ್ತೆ. ಇಷ್ಟು ವರ್ಷ 'ಶ್ಯೂ' ಅಂತ ಓದುತ್ತಿದ್ದೆ, ಅದೂ ಶೋ ಅಂತಲೇ. ಸಿ-ಟಿ ಬದಲು ಎಕ್ಸ್ ಹಾಕಿದ ಕನೆಕ್ಷನ್ ಕೂಡ ಸಿಕ್ಕಿತು.

ಇವು ತಪ್ಪಲ್ಲ, ಆ ಕಾಲಕ್ಕೆ ಸರಿಯೇ. ಸ್ಯಾಮ್ಯುಯೆಲ್ ಜಾನ್ಸನ್ ತನ್ನ 1755ರ ಡಿಕ್ಷನರಿಯಲ್ಲಿ ಮ್ಯೂಸಿಕ್ ಕೊನೆಗೆ ಕೆ ಹಚ್ಚಿದ್ದ. ನಮ್ಮೂರ ಹೆಸರು ಬದಲಾಗಿದ್ದು 2014ರಲ್ಲಿ. ಅದಕ್ಕೂ ಹಳೇ ಕಾಗದದ ನಕಲು ಟೈಪ್ ಮಾಡುವಾಗ ಗುಲ್ಬರ್ಗಾ ಅಂತ ಇದ್ದದ್ದನ್ನು ನಾವು ತಿದ್ದಲ್ಲ, ಅಲ್ವಾ? ತೀರ್ಪಿನ ಸಾಲೂ ಹಾಗೇ, ಇದ್ದಂಗೇ ಹೋಗಬೇಕು.

ಅಕ್ಷರ ಸಣ್ಣವು, ಕನ್ನಡಕ ಬೇಕು. ಮೊದಲು ಕೊಟ್ಟ ಪ್ರತಿಯಲ್ಲಿ ಎಸ್ ಭಾಗದ ಹಾಳೆಗಳು ಮಳೆನೀರಿಗೆ ಅಂಟಿಕೊಂಡಿದ್ದವು. ತೋರಿಸಿದ ತಕ್ಷಣ ಅಣ್ಣ ಬೇರೆಯದು ತೆಗೆದುಕೊಟ್ಟರು, 300 ಹೇಳಿ 250ಕ್ಕೆ ಬಿಟ್ಟರು. ಬೆನ್ನು ಸಡಿಲಾಗಿತ್ತು, ಬೈಂಡಿಂಗ್‌ಗೆ ಇನ್ನೂ 80 ರೂಪಾಯಿ ಹೋಯಿತು. ಹಳೇ ತೀರ್ಪು, ಹಳೇ ಗೆಜೆಟಿಯರ್ ಟೈಪ್ ಮಾಡೋರು ಧೈರ್ಯವಾಗಿ ತಗೊಳ್ಳಿ. ದುಡ್ಡು ಕೊಡೋ ಮುಂಚೆ ಎಸ್ ಭಾಗ ಮಾತ್ರ ಬಿಡಿಸಿ ನೋಡಿ.