10 ಲೀಟರೋ 18 ಲೀಟರೋ: ಪುಟ್ಟ ಪಿಸಿಗೆ ಕ್ಯಾಬಿನೆಟ್ ಆರಿಸುವಾಗ

ರೈಸರ್ ಕೇಬಲ್, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಜೋಡಿಸುವ ಕೇಬಲ್, ಬೇಡದ ಕ್ಯಾಬಿನೆಟ್ ತೆಗೆದುಕೊಳ್ಳಿ. ಚಿಕ್ಕ ಪಿಸಿ ಕಟ್ಟಬೇಕು ಅಂತ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಎರಡೂ ಬಗೆಯ ಕ್ಯಾಬಿನೆಟ್ ನನ್ನ ಮೇಜಿನ ಮೇಲೆ ಇದ್ದು ಹೋಗಿವೆ. ಒಂದು ಸುಮಾರು 10 ಲೀಟರಿನ (ಕ್ಯಾಬಿನೆಟ್ ಗಾತ್ರ ಅಳೆಯುವುದು ಲೀಟರಿನಲ್ಲೇ) ಸ್ಯಾಂಡ್‌ವಿಚ್ ಕ್ಯಾಬಿನೆಟ್. ಇನ್ನೊಂದು ಕೂಲರ್ ಮಾಸ್ಟರ್‌ನ ಎನ್‌ಆರ್200, 18.25 ಲೀಟರ್. ಒಳಗಿನ ಸಾಮಾನು ಹೆಚ್ಚುಕಡಿಮೆ ಅದೇ: ರೈಜೆನ್ 5 7600 ಪ್ರೊಸೆಸರ್, ಐಟಿಎಕ್ಸ್ ಅನ್ನುವ ಪುಟ್ಟ ಗಾತ್ರದ ಮದರ್‌ಬೋರ್ಡ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, ಎಸ್‌ಎಫ್‌ಎಕ್ಸ್ ಅನ್ನುವ ಪುಟ್ಟ ಗಾತ್ರದ ಎಸ್‌ಎಂಪಿಎಸ್ (ಪವರ್ ಸಪ್ಲೈ). ಬದಲಾಗಿದ್ದು ಕ್ಯಾಬಿನೆಟ್ ಮತ್ತು ಕೂಲರ್ ಮಾತ್ರ. ವಿಜಯನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ ನನ್ನದು. ಹಗಲು ಮದುವೆ ವಿಡಿಯೋ ಎಡಿಟಿಂಗ್, ರಾತ್ರಿ ಸ್ವಲ್ಪ ಗೇಮ್. ದೊಡ್ಡ ಟವರ್ ಇಡಲು ಜಾಗವಿಲ್ಲ.

ಸ್ಯಾಂಡ್‌ವಿಚ್ ಕ್ಯಾಬಿನೆಟ್‌ನಲ್ಲಿ ಬೋರ್ಡ್ ಒಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಅದರ ಬೆನ್ನಿಗೆ ಇನ್ನೊಂದು ಕಡೆ ನಿಲ್ಲುತ್ತದೆ. ಎರಡನ್ನೂ ಜೋಡಿಸುವುದು ಚಪ್ಪಟೆಯ ರೈಸರ್ ಕೇಬಲ್. ನೋಡಲು ನಿಜವಾಗಿಯೂ ಚಂದ. ನನಗೆ ಸಿಕ್ಕ ಕ್ಯಾಬಿನೆಟ್ ಜೊತೆ ಕೇಬಲ್ ಕೂಡ ಬಂದಿತ್ತು. ಅದು ಯಾವ ತಲೆಮಾರಿನದು ಅಂತ ಪೆಟ್ಟಿಗೆ ಮೇಲಾಗಲಿ ಬಿಲ್ಲಿನಲ್ಲಾಗಲಿ ಎಲ್ಲೂ ಬರೆದಿರಲಿಲ್ಲ.

ಎಲ್ಲ ಜೋಡಿಸಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಮಾನಿಟರ್ ಮಾತ್ರ ಕಪ್ಪು. ಕಾರ್ಡನ್ನು ನೇರವಾಗಿ ಬೋರ್ಡಿನ ಸ್ಲಾಟಿಗೆ ಹಾಕಿದರೆ ಚಿತ್ರ ಬರುತ್ತದೆ. ರೈಸರ್ ಮೂಲಕ ಹಾಕಿದರೆ ಇಲ್ಲ. ಮಾರಿದವರು ಕಾರ್ಡೇ ಸರಿ ಇಲ್ಲ ಅಂದರು. ಕಾರ್ಡಿನಲ್ಲಿ ಏನೂ ತೊಂದರೆ ಇರಲಿಲ್ಲ. ಕಾರ್ಡ್ ಮತ್ತು ಬೋರ್ಡ್ ಮಾತಾಡುವ ದಾರಿಗೆ ಪಿಸಿಐಇ ಅನ್ನುತ್ತಾರೆ; ಕೇಬಲ್ ಅದರ 3.0 ತಲೆಮಾರಿನ ಕಾಲದ್ದು. ಬೋರ್ಡ್ ಮತ್ತು ಕಾರ್ಡ್ ಎರಡೂ 4.0. ಆ ದಾರಿಯ ಪ್ರತಿ ಲೇನಿನಲ್ಲಿ (ಪಥದಲ್ಲಿ) 3.0 ಓಡುವುದು ಸೆಕೆಂಡಿಗೆ 8 ಗಿಗಾಟ್ರಾನ್ಸ್‌ಫರ್ ವೇಗದಲ್ಲಿ, 4.0 ಓಡುವುದು 16ರಲ್ಲಿ. ವೇಗ ಹೆಚ್ಚಿದಂತೆ ಕೇಬಲ್ ಉದ್ದಕ್ಕೂ ಸಿಗ್ನಲ್ ಸೊರಗುವುದೂ ಹೆಚ್ಚು. ಬೋರ್ಡಿಗೆ ನಡುವೆ ಒಂದು ಕೇಬಲ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಎರಡೂ ತುದಿ 4.0 ಅಂತ ನೋಡಿ ಅದೇ ವೇಗಕ್ಕೆ ಒಪ್ಪಿಕೊಳ್ಳುತ್ತದೆ, ಆಮೇಲೆ ಎಡವುತ್ತದೆ.

ಇದಕ್ಕೆ ದಾರಿ ಇದೆ. ಬಯಾಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ, ಹೋಗಿ ಗ್ರಾಫಿಕ್ಸ್ ಸ್ಲಾಟಿನ ವೇಗವನ್ನು ಆಟೋದಿಂದ ತೆಗೆದು ಜೆನ್ 3 (ಅಂದರೆ 3.0) ಅಂತ ಇಡಬೇಕು. ಆದರೆ ಚಿತ್ರವೇ ಬರದಿದ್ದರೆ ಬಯಾಸ್ ನೋಡುವುದು ಹೇಗೆ? ಇಲ್ಲಿ ನನ್ನನ್ನು ಕಾಪಾಡಿದ್ದು ಪ್ರೊಸೆಸರ್. 7600ರಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಒಳಗೇ ಇದೆ. ಎಚ್‌ಡಿಎಂಐ ಕೇಬಲ್ಲನ್ನು ಬೋರ್ಡಿಗೆ ಸಿಕ್ಕಿಸಿದೆ, ಬಯಾಸ್ ಕಾಣಿಸಿತು. ಸ್ವಲ್ಪ ಅಗ್ಗಕ್ಕೆ ಸಿಗುವ 7500ಎಫ್‌ನಲ್ಲಿ ಅದು ಇಲ್ಲ. ರೈಸರ್ ಇರುವ ಕ್ಯಾಬಿನೆಟ್‌ಗೆ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್ ಬೇಡ, ದಯವಿಟ್ಟು. ಒಂದು ಸೆಟ್ಟಿಂಗ್ ಬದಲಿಸಲು ಇಡೀ ಪಿಸಿ ಬಿಚ್ಚಬೇಕಾಗುತ್ತದೆ.

ಜೆನ್ 3ಕ್ಕೆ ಇಳಿಸಿದ ಮೇಲೆ ಚಿತ್ರ ಬಂತು. ಆದರೆ ನೆಮ್ಮದಿ ಬರಲಿಲ್ಲ. ಆರ್‌ಟಿಎಕ್ಸ್ 4060 ಬಳಸುವುದು 8 ಲೇನ್ ಮಾತ್ರ. 16 ಲೇನಿನ ಕಾರ್ಡ್ ಆಗಿದ್ದರೆ ಜೆನ್ 3ಕ್ಕೆ ಇಳಿದರೂ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. 8 ಲೇನಿನದಕ್ಕೆ ಸೆಕೆಂಡಿಗೆ ಸುಮಾರು 16 ಜಿಬಿ ಇದ್ದದ್ದು 8 ಜಿಬಿಗೆ ಬರುತ್ತದೆ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿದ ಗಳಿಗೆಯಲ್ಲಿ ಇದು ಕಣ್ಣಿಗೆ ಬೀಳುತ್ತದೆ, ಗೇಮ್ ತಡವರಿಸುತ್ತದೆ. ಇದರ ಜೊತೆಗೆ ದೊಡ್ಡ ವಿಡಿಯೋ ಎಕ್ಸ್‌ಪೋರ್ಟ್ ನಡುವೆ ಆಗಾಗ ಸ್ಕ್ರೀನ್ ಕಪ್ಪಾಗುತ್ತಿತ್ತು. ವಿಂಡೋಸ್‌ನ ಇವೆಂಟ್ ವ್ಯೂವರ್ (ಪಿಸಿಯ ದೋಷಗಳು ದಾಖಲಾಗುವ ಜಾಗ) ತೆರೆದರೆ ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನಲ್ಲಿ ಪಿಸಿಐಇ ಎಚ್ಚರಿಕೆಗಳ ಸಾಲು. ರೈಸರ್ ಇರುವವರೆಲ್ಲ ಒಮ್ಮೆ ಅಲ್ಲಿ ನೋಡಿಕೊಳ್ಳಿ. ಸ್ಕ್ರೀನ್ ಕಪ್ಪಾಗುವ ಮುಂಚೆಯೇ ಅಲ್ಲಿ ಸುಳಿವು ಸಿಗುತ್ತದೆ. ಗಿರಾಕಿಗೆ ನಾಳೆ ಬೆಳಿಗ್ಗೆ ವಿಡಿಯೋ ಕೊಡಬೇಕು ಅಂದಾಗ ಇಂಥ ಪಿಸಿ ನಂಬಿ ಮಲಗಲು ಆಗುವುದಿಲ್ಲ.

4.0ಕ್ಕೆ ಪರೀಕ್ಷೆ ಮಾಡಿದ ರೈಸರ್‌ಗಳು ಸಿಗುತ್ತವೆ, ಅವು ಚೆನ್ನಾಗಿಯೂ ಕೆಲಸ ಮಾಡುತ್ತವೆ. ಆದರೆ ಕ್ಯಾಬಿನೆಟ್‌ಗೆ ಕೊಟ್ಟ ದುಡ್ಡಿನ ಮೇಲೆ ಕೇಬಲ್ಲಿಗೆ ಇನ್ನೊಂದಿಷ್ಟು ಯಾಕೆ ಕೊಡಬೇಕು?

ಎನ್‌ಆರ್200ರಲ್ಲಿ ಈ ಯಾವ ರಗಳೆಯೂ ಇಲ್ಲ. ಕಾರ್ಡ್ ನೇರ ಬೋರ್ಡಿಗೆ ಹೋಗುತ್ತದೆ. ಬಯಾಸ್‌ನಲ್ಲಿ ಆಟೋ ಅಂತಲೇ ಇದೆ. ಇವೆಂಟ್ ವ್ಯೂವರ್‌ನಲ್ಲಿ ಆ ಎಚ್ಚರಿಕೆಗಳಿಲ್ಲ.

ಕೂಲರ್ ವಿಷಯದಲ್ಲೂ ಇದೇ ಗೆದ್ದಿತು. ಸ್ಯಾಂಡ್‌ವಿಚ್‌ನಲ್ಲಿ ನಾನು ಹಾಕಿದ್ದು 47 ಮಿ.ಮೀ. ಎತ್ತರದ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47. ಆ ಗಾತ್ರಕ್ಕೆ ಅದು ಒಳ್ಳೆಯ ಕೂಲರ್. ಆದರೂ ಏಪ್ರಿಲ್ ಮಧ್ಯಾಹ್ನ, ಎಕ್ಸ್‌ಪೋರ್ಟ್ ಓಡುವಾಗ ಪ್ರೊಸೆಸರ್ 90 ಡಿಗ್ರಿ ದಾಟುತ್ತಿತ್ತು. 7600ಕ್ಕೆ 95ರವರೆಗೆ ಓಡಲು ಅನುಮತಿ ಇದೆ, ಹಾಳಾಗುವುದಿಲ್ಲ. ಸದ್ದೇ ತಡೆಯಲಾಗುತ್ತಿರಲಿಲ್ಲ. ಬಯಾಸ್‌ನಲ್ಲಿ ಪವರ್ ಮಿತಿಯನ್ನು 65 ವ್ಯಾಟ್‌ಗೆ ಇಳಿಸಿದ ಮೇಲೆ ತಣ್ಣಗಾಯಿತು, ಎಕ್ಸ್‌ಪೋರ್ಟ್ ಸ್ವಲ್ಪವೇ ನಿಧಾನವಾಯಿತು. ಎನ್‌ಆರ್200ರಲ್ಲಿ 155 ಮಿ.ಮೀ. ಕೂಲರ್ ಕೂರುತ್ತದೆ. ಥರ್ಮಲ್‌ರೈಟ್ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ ಸರಿಯಾಗಿ ಅಷ್ಟೇ ಎತ್ತರ ಇದೆ. ನಾಕ್ಟುವಾದ ಎನ್‌ಎಚ್-ಯು12ಎಸ್ 158 ಮಿ.ಮೀ., ಹಾಗಾಗಿ ಅದನ್ನು ಬಿಡಿ. ಈಗ ಪವರ್ ಮಿತಿ ತೆಗೆದಿದ್ದೇನೆ. ಎಕ್ಸ್‌ಪೋರ್ಟ್ ಓಡುತ್ತಿದ್ದರೂ ಪಕ್ಕದಲ್ಲೇ ಕೂತು ಫೋನಿನಲ್ಲಿ ಮಾತಾಡಬಹುದು.

ರ‍್ಯಾಮ್ ಎರಡಕ್ಕೂ ಗಿಡ್ಡದ್ದೇ ಬೇಕು. ಆರ್‌ಜಿಬಿ ಇರುವ ಎತ್ತರದ ಸ್ಟಿಕ್ ಕೂಲರ್ ಫ್ಯಾನಿಗೆ ತಾಗುತ್ತದೆ.

ಎಸ್‌ಎಂಪಿಎಸ್‌ನಲ್ಲಿ ಹೋಲಿಸುವಂಥದ್ದು ಏನೂ ಇಲ್ಲ, ಒಂದೇ ಎರಡರಲ್ಲೂ ಕೂತಿತು.

ಇನ್ನು ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್‌ಪಿ ರೋಡಿನ ಮಾತು. ಐಟಿಎಕ್ಸ್ ಬೋರ್ಡ್ ಕೇಳಿದರೆ ಬಹಳ ಅಂಗಡಿಗಳಲ್ಲಿ ಬರುವ ಉತ್ತರ ಒಂದೇ: "ಸ್ಟಾಕ್ ಇಲ್ಲ ಸರ್, ಅಡ್ವಾನ್ಸ್ ಕೊಟ್ರೆ ತರಿಸ್ತೀವಿ. ಮೈಕ್ರೋ ಎಟಿಎಕ್ಸ್ ತಗೊಳಿ, ಇದೇ ದುಡ್ಡಿಗೆ ಒಳ್ಳೇದು ಬರುತ್ತೆ." ಅವರು ಹೇಳುವುದು ನಿಜ. ಐಟಿಎಕ್ಸ್‌ಗಿಂತ ದೊಡ್ಡದಾದ ಮೈಕ್ರೋ ಎಟಿಎಕ್ಸ್ ಬೋರ್ಡ್ ಅಗ್ಗ, ಅದರಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್ ಇರುವ ಬೋರ್ಡೂ ಸುಲಭವಾಗಿ ಸಿಗುತ್ತದೆ, ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ನಡೆಯುತ್ತದೆ. ಏಸಸ್‌ನ ಪ್ರೈಮ್ ಎಪಿ201 ಥರದ ಕ್ಯಾಬಿನೆಟ್ ನೋಡಿದೆ ಕೂಡ. ಅದು 33 ಲೀಟರ್. ಮೇಜಿನ ಕೆಳಗೆ ಇಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ನನ್ನ ಮೇಜಿನ ಮೇಲೆ ಕೂರುವುದಿಲ್ಲ. ಬೋರ್ಡ್ ಎಲ್ಲೇ ತಗೊಂಡರೂ ಜಿಎಸ್‌ಟಿ ಬಿಲ್ ಕೈಗೆ ಬಂದ ಮೇಲೇ ಪೂರ್ತಿ ದುಡ್ಡು ಕೊಡಿ, ವಾರಂಟಿಗೆ ಅದು ಬೇಕೇ ಬೇಕು.

ಸ್ಯಾಂಡ್‌ವಿಚ್ ಕ್ಯಾಬಿನೆಟ್ ಈಗ ಚಿಕ್ಕಪ್ಪನ ಮಗನ ಹತ್ತಿರ ಇದೆ. ಅವನ ಕಾರ್ಡ್ ಹಳೆಯ ಜಿಟಿಎಕ್ಸ್ 1660 ಸೂಪರ್, ಅದು ಪಿಸಿಐಇ 3.0ದ್ದೇ. ಹಾಗಾಗಿ ಅದೇ ಕೇಬಲ್ ಅವನಿಗೆ ಒಂದು ದಿನವೂ ಕಾಟ ಕೊಟ್ಟಿಲ್ಲ. ಹಬ್ಬಕ್ಕೆ ಹಾಸನಕ್ಕೆ ಹೋಗುವಾಗ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಹೋಗುತ್ತಾನೆ. ಹಾಗೆ ಪಿಸಿ ಹೊತ್ತು ತಿರುಗುವವರಿಗೆ 10 ಲೀಟರೇ ಸರಿ, 4.0 ರೈಸರ್ ಅಂತ ಬರೆದದ್ದನ್ನು ನೋಡಿ ತಗೊಳ್ಳಿ. ನನ್ನದು ಮನೆ ಬಿಟ್ಟು ಹೋಗುವುದಿಲ್ಲ. 8 ಲೀಟರ್ ಜಾಸ್ತಿ ಆಗಿದ್ದಕ್ಕೆ ಮೇಜಿನ ಮೇಲಿದ್ದ ಸ್ಪೀಕರ್ ಗೋಡೆಗೆ ಹೋಯಿತು, ಅಷ್ಟೇ. 4.0 ರೈಸರ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಪೀರ್‌ಲೆಸ್ ಅಸ್ಯಾಸಿನ್ ಬಂತು.

ಎನ್‌ಆರ್200 ತಗೊಂಡವರು ಜೋಡಿಸುವ ಕ್ರಮ ಮಾತ್ರ ನೆನಪಿಡಿ. ಹಲವು ಐಟಿಎಕ್ಸ್ ಬೋರ್ಡ್‌ಗಳಲ್ಲಿ ಎರಡನೇ ಎಂ.2 ಸ್ಲಾಟ್ ಬೆನ್ನಿಗೆ ಇರುತ್ತದೆ, ಎಸ್‌ಎಸ್‌ಡಿಯನ್ನು ಬೋರ್ಡ್ ಕೂರಿಸುವ ಮುಂಚೆಯೇ ಹಾಕಿ. ಪ್ರೊಸೆಸರ್‌ನ 8 ಪಿನ್ ಪವರ್ ಕೇಬಲ್ಲನ್ನು ಕೂಲರ್‌ಗಿಂತ ಮೊದಲು ಸಿಕ್ಕಿಸಿ. ಆ ದೊಡ್ಡ ಕೂಲರ್ ಕೂತ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ.